ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ: ಕರ್ನಾಟಕದಲ್ಲಿ ಮನೆ ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

"ಇನ್ನೊಂದು ಪಾರ್ಟಿ ಕಾಯ್ತಾ ಇದೆ ಸಾರ್. ಇವತ್ತೇ ಟೋಕನ್ ಕೊಟ್ಬಿಡಿ. ಪೇಪರ್ ಎಲ್ಲ ಕ್ಲಿಯರ್ ಇದೆ." ಮನೆ ನೋಡಲು ಹೋದವರಲ್ಲಿ ಈ ಮಾತು ಕೇಳದವರು ಕಮ್ಮಿ. ವ್ಯವಹಾರ ಕೆಡುವುದೂ ಹೆಚ್ಚಾಗಿ ಇಲ್ಲೇ. ದುಡ್ಡು ಮೊದಲು ಹೋಗುತ್ತದೆ, ಕಾಗದ ಆಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಲಾಯರ್ ಏನಾದರೂ ತಕರಾರು ಎತ್ತಿದರೆ ಕೇಳುವ ಮನಸ್ಸು ನಮಗೇ ಇರುವುದಿಲ್ಲ.

ಇನ್ನೊಂದು ತಪ್ಪು ನಂಬಿಕೆಯೂ ಇದೆ. "ರಿಜಿಸ್ಟರ್ ಆಗಿದೆ ಅಂದ್ಮೇಲೆ ಸರಿಯಾಗೇ ಇರುತ್ತೆ" ಅನ್ನುವುದು. ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು. ಮಾರುವವರಿಗೆ ನಿಜವಾಗಿ ಹಕ್ಕಿದೆಯೇ ಎಂದು ಅವರು ತೀರ್ಪು ಕೊಡುವುದಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ಕೊಳ್ಳುವವರದು. ಹಾಗಾಗಿ ಕೆಳಗಿನ ಹಂತಗಳಲ್ಲಿ ಕಾಗದದ ಮಾತೇ ಜಾಸ್ತಿ. ಲೆಕ್ಕಕ್ಕೆ ಬೆಂಗಳೂರಿನ 60 ಲಕ್ಷ ರೂಪಾಯಿಯ ಒಂದು ರೀಸೇಲ್ ಫ್ಲ್ಯಾಟ್ ಇಟ್ಟುಕೊಳ್ಳೋಣ.

ಹಂತ 1: ಕೈಯಲ್ಲಿ ಎಷ್ಟು ಇರಬೇಕು

ಬ್ಯಾಂಕು ಎಷ್ಟು ಸಾಲ ಕೊಡಬಹುದು ಎನ್ನುವುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಇದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75. ನಮ್ಮ 60 ಲಕ್ಷದ ಫ್ಲ್ಯಾಟಿಗೆ ಹೆಚ್ಚೆಂದರೆ 48 ಲಕ್ಷ. ಉಳಿದ 12 ಲಕ್ಷ ನಮ್ಮದು. ಬ್ಯಾಂಕಿನ ವ್ಯಾಲ್ಯುಯರ್ ಬಂದು "ಇದು 55 ಲಕ್ಷದ ಮನೆ" ಎಂದು ಬರೆದರೆ ಸಾಲ 44 ಲಕ್ಷಕ್ಕೆ ಇಳಿಯುತ್ತದೆ, ನಮ್ಮ ಪಾಲು 16 ಲಕ್ಷಕ್ಕೆ ಏರುತ್ತದೆ.

ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಕ್ಕೆ ಸಾಮಾನ್ಯವಾಗಿ ಈ ಸಾಲ ಸಿಗುವುದಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದರೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್ ಮತ್ತು ನಗರದಲ್ಲಿ ಶೇ 2 ಸರ್‌ಚಾರ್ಜ್ ಸೇರಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು. 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದರೆ 60 ಲಕ್ಷಕ್ಕೆ 4,56,000 ರೂಪಾಯಿ. ಮನೆಯ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರ (ಆ ಜಾಗಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ), ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ. ಆ ಬಡಾವಣೆಯ ಮಾರ್ಗಸೂಚಿ ದರ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ.

12 ಲಕ್ಷಕ್ಕೆ ಈ ನಾಲ್ಕೂವರೆ ಲಕ್ಷ ಸೇರಿಸಿ. ಬ್ರೋಕರ್ ಕಮಿಷನ್, ಲಾಯರ್ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಸೊಸೈಟಿಗೆ ಕಟ್ಟಬೇಕಾದ್ದು ಎಲ್ಲ ಹಿಡಿದರೆ 18 ಲಕ್ಷವಾದರೂ ಕೈಯಲ್ಲಿರಬೇಕು. ಇಲ್ಲದಿದ್ದರೆ ಕೊನೆ ಗಳಿಗೆಯಲ್ಲಿ ಪರ್ಸನಲ್ ಲೋನ್, ಚಿನ್ನದ ಸಾಲ ಅಂತ ಓಡಾಟ ಶುರುವಾಗುತ್ತದೆ.

ಹಂತ 2: ಕಾಗದದ ಜೆರಾಕ್ಸ್ ಕೇಳಿ

ಮನೆ ಇಷ್ಟವಾಯಿತು ಎಂದ ತಕ್ಷಣ ಕೇಳಬೇಕಾದದ್ದು ಕಾಗದದ ಒಂದು ಸೆಟ್ ಜೆರಾಕ್ಸ್. ಅದರಲ್ಲಿ ಇರಬೇಕಾದವು: ಮೂಲ ಪತ್ರ, ಅಲ್ಲಿಂದ ಈಗಿನ ಮಾಲೀಕರವರೆಗಿನ ಎಲ್ಲ ಪತ್ರಗಳು, ಭೂ ಪರಿವರ್ತನೆ ಆದೇಶ (ಕೃಷಿ ಜಮೀನನ್ನು ಮನೆ ಕಟ್ಟಲು ಬದಲಿಸಿದ್ದು), ಮಂಜೂರಾದ ನಕ್ಷೆ, ಇ-ಖಾತಾ (ಆನ್‌ಲೈನ್ ಖಾತಾ), ತೆರಿಗೆ ಕಟ್ಟಿದ ರಸೀದಿ, ಇಸಿ (ಋಣಭಾರ ಪ್ರಮಾಣಪತ್ರ), ಫ್ಲ್ಯಾಟ್ ಆದರೆ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ). "ಟೋಕನ್ ಕೊಟ್ಟರೆ ಮಾತ್ರ ಪೇಪರ್ ಕೊಡ್ತೀವಿ" ಎನ್ನುವವರು ಇದ್ದಾರೆ. ಅಂಥ ಮನೆ ಬಿಡುವುದೇ ಒಳ್ಳೆಯದು ಅನ್ನುತ್ತೇನೆ. ಕೊಡಲೇಬೇಕಾಗಿ ಬಂದರೆ ಸಣ್ಣ ಮೊತ್ತವನ್ನು ಚೆಕ್ ಅಥವಾ ಆನ್‌ಲೈನ್‌ನಲ್ಲಿ ಕೊಡಿ. "ಲಾಯರ್ ಒಪ್ಪದಿದ್ದರೆ ಪೂರ್ತಿ ವಾಪಸ್" ಎಂದು ಒಂದು ಸಾಲು ಬರೆಸಿಕೊಳ್ಳಿ.

ಪತ್ರಗಳನ್ನು ಓದುವಾಗ ನೋಡುವುದು ಕೊಂಡಿ ತಪ್ಪಿಲ್ಲವೇ ಎಂದು. ಅ ಎಂಬವರು ಆ ಎಂಬವರಿಗೆ ಕ್ರಯ ಮಾಡಿದರು, ಆ ತೀರಿಕೊಂಡ ಮೇಲೆ ಮಕ್ಕಳು ವಿಭಾಗ ಮಾಡಿಕೊಂಡರು, ಒಬ್ಬ ಮಗ ನಿಮಗೆ ಮಾರುತ್ತಿದ್ದಾನೆ. ಹಾಗಿದ್ದರೆ ಮೊದಲ ಕ್ರಯಪತ್ರ, ಮರಣ ಪ್ರಮಾಣಪತ್ರ, ವಂಶವೃಕ್ಷ, ನೋಂದಾಯಿಸಿದ ವಿಭಾಗ ಪತ್ರ, ನಾಲ್ಕೂ ಇರಬೇಕು. "ಅಣ್ಣ ತಮ್ಮ ಬಾಯಿಮಾತಲ್ಲಿ ಹಂಚಿಕೊಂಡಿದ್ದಾರೆ" ಎಂದರೆ ಎಲ್ಲರೂ ಬಂದು ಸಹಿ ಹಾಕಲಿ.

ಹಂತ 3: ಇಸಿ ಓದಿ

ಇಸಿ, ಅಂದರೆ ಆ ಸ್ವತ್ತಿನ ಮೇಲೆ ನೋಂದಣಿಯಾದ ಮಾರಾಟ, ಸಾಲ ಮುಂತಾದವುಗಳ ಪಟ್ಟಿ. ಎಲ್ಲರೂ ತೆಗೆಸುತ್ತಾರೆ, ಓದುವವರು ಕಮ್ಮಿ. ಕನಿಷ್ಠ 30 ವರ್ಷದ್ದು ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿಯಲ್ಲಿ ಆನ್‌ಲೈನ್ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ.

ನಮೂನೆ 15ರ ಒಂದೊಂದು ಸಾಲಿನಲ್ಲೂ ಸ್ವತ್ತಿನ ವಿವರ, ಪತ್ರ ಬರೆದ ದಿನ, ಪತ್ರದ ಬಗೆ ಮತ್ತು ಮೊತ್ತ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ಸಂಖ್ಯೆ ಇರುತ್ತವೆ. ಒಂದು ಪೆನ್ಸಿಲ್ ಹಿಡಿದು ಕೂರಿ. ಕೈಯಲ್ಲಿರುವ ಪ್ರತಿ ಪತ್ರದ ಸಂಖ್ಯೆಯನ್ನೂ ಇಸಿಯ ಸಾಲಿನ ಮುಂದೆ ಟಿಕ್ ಮಾಡಿ. ಇಸಿಯಲ್ಲಿ ಇದ್ದು ನಿಮ್ಮ ಸೆಟ್‌ನಲ್ಲಿ ಇಲ್ಲದ ಸಾಲು ಸಿಕ್ಕರೆ ಅದೇ ಪ್ರಶ್ನೆ ಕೇಳಬೇಕಾದ ಜಾಗ. ಬ್ಯಾಂಕಿಗೆ ಆಧಾರ ಮಾಡಿದ ಸಾಲು ಇದ್ದರೆ, ಕೆಳಗೆ ಎಲ್ಲಾದರೂ ಅದರ ಖುಲಾಸೆ ಪತ್ರದ ಸಾಲೂ ಬರಬೇಕು. ಯಾರಿಗೋ ಬರೆದುಕೊಟ್ಟ ಕ್ರಯದ ಕರಾರು ಇದ್ದರೆ, ಅದು ರದ್ದಾದ ಸಾಲು ಎಲ್ಲಿದೆ?

ಇಸಿಯಲ್ಲಿ ಕಾಣದ ಸಂಗತಿಗಳೂ ಇವೆ. ನೋಂದಣಿಯಾಗದ ಕರಾರು, ಉಯಿಲು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಹೆಚ್ಚಾಗಿ ಅಲ್ಲಿ ಇರುವುದಿಲ್ಲ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡಿದ ಸಾಲವೂ ನೋಂದಣಿಯಾಗಿರದಿದ್ದರೆ ಕಾಣುವುದಿಲ್ಲ. ಸಾಲಕ್ಕಾಗಿ ಸೆರ್ಸಾಯ್ (ಬ್ಯಾಂಕುಗಳಿಗೆ ಆಧಾರ ಮಾಡಿದ ಆಸ್ತಿಗಳ ಕೇಂದ್ರ ದಾಖಲೆ) ಜಾಲತಾಣದಲ್ಲಿ ಸ್ವಲ್ಪ ಶುಲ್ಕ ಕಟ್ಟಿ ಹುಡುಕಬಹುದು. ದಾವೆಗಾಗಿ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು, ಅವರ ಹಿಂದಿನ ಮಾಲೀಕರ ಹೆಸರು ಹಾಕಿ ನೋಡಿ. ಕೊನೆಗೆ ಪತ್ರಿಕೆಯಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಕೊಡಿಸಿ. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ ಸಾಕು. ತಕರಾರು ಇರುವವರು ಹೊರಗೆ ಬರುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಒರಿಜಿನಲ್ ಪತ್ರಗಳನ್ನು ಕಣ್ಣಾರೆ ನೋಡಿ. "ಕಳೆದುಹೋಗಿದೆ, ಸರ್ಟಿಫೈಡ್ ಕಾಪಿ ಇದೆ" ಎಂದರೆ ಆ ಒರಿಜಿನಲ್ ಯಾವುದೋ ಲೇವಾದೇವಿಯವರ ಬೀರುವಿನಲ್ಲಿ ಇರಬಹುದು.

ಹಂತ 4: ಮಾರುವವರಿಗೆ ಮಾರುವ ಹಕ್ಕಿದೆಯೇ?

ಅಪ್ಪನ ಸ್ವಯಾರ್ಜಿತ ಮನೆ, ಉಯಿಲು ಬರೆಯದೆ ತೀರಿಕೊಂಡರು ಅಂದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವರ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. 2005ರಲ್ಲಿ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ "ಅಕ್ಕನಿಗೆ ಮದುವೇಲಿ ಚಿನ್ನ ಕೊಟ್ಟಿದ್ದೀವಿ, ಅವಳೇನೂ ಕೇಳಲ್ಲ" ಎಂಬ ಮಾತು ಲೆಕ್ಕಕ್ಕಿಲ್ಲ. ಅಕ್ಕ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಮೈನರ್ ಮಕ್ಕಳಿಗೆ ಬಂದ ಪಾಲು ಇದ್ದರೆ ಕೋರ್ಟಿನ ಅನುಮತಿಯ ವಿಷಯ ಬರುತ್ತದೆ. ಅದನ್ನು ಲಾಯರ್ ಕೈಗೆ ಬಿಡಿ.

ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ) ಮೇಲೆ ಮಾರಾಟ ಎಂದರೆ ಎಚ್ಚರ. ಜಿಪಿಎ, ಕರಾರು, ಉಯಿಲು ಮೂರನ್ನೂ ಸೇರಿಸಿ "ಮಾರಾಟ" ಎನ್ನುವ ಪದ್ಧತಿಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ವಿದೇಶದಲ್ಲಿರುವ ಮಾಲೀಕರು ಊರಿನಲ್ಲಿರುವ ತಮ್ಮನಿಗೆ ಅಧಿಕಾರ ಕೊಟ್ಟು ಕ್ರಯಪತ್ರ ಮಾಡಿಸುವುದು ಬೇರೆ ವಿಷಯ, ಅದಕ್ಕೆ ಅಡ್ಡಿಯಿಲ್ಲ. ಆದರೆ ಆ ಅಧಿಕಾರ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಮಾಲೀಕರೊಂದಿಗೆ ಒಂದು ವಿಡಿಯೊ ಕಾಲ್ ಮಾಡಿ ಮಾತಾಡಿ. ಅವರು ಬದುಕಿದ್ದಾರೆ, ಮಾರಲು ಒಪ್ಪಿದ್ದಾರೆ ಎಂದು ನಿಮಗೂ ಗೊತ್ತಾಗಲಿ.

ಹಂತ 5: ಮನೆಯ ಕೆಳಗಿನ ನೆಲ

ಬೆಂಗಳೂರಿನ ಬಹುಪಾಲು ಬಡಾವಣೆಗಳು ಒಂದು ಕಾಲದಲ್ಲಿ ರಾಗಿ ಹೊಲ, ತೋಟ, ಇಲ್ಲವೇ ಕೆರೆಯಂಗಳ. ಆ ಸರ್ವೆ ನಂಬರಿನ ಹಳೆಯ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶ ನೋಡಬೇಕು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸ್ವತಃ ಹಂಚಿದ ಸೈಟಾದರೆ ಈ ತಲೆನೋವು ಕಮ್ಮಿ, ಹಂಚಿಕೆ ಪತ್ರದಿಂದ ಶುರು ಮಾಡಿದರೆ ಸಾಕು. ಖಾಸಗಿ ಬಡಾವಣೆಯಾದರೆ ಲೇಔಟ್ ನಕ್ಷೆಗೆ ಯಾವ ಪ್ರಾಧಿಕಾರ ಒಪ್ಪಿಗೆ ಕೊಟ್ಟಿದೆ ಎಂದು ಕೇಳಿ. "ಪಂಚಾಯ್ತಿ ಅಪ್ರೂವಲ್ ಇದೆ" ಎಂಬ ಉತ್ತರಕ್ಕೆ ಸಮಾಧಾನ ಪಡಬೇಡಿ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಇದಕ್ಕೆ ತುಂಬ ಅನುಕೂಲ. ಮನೆಯ ಮುಂದೆ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ ಎಂದು ನಕ್ಷೆಯಲ್ಲಿ ತೋರಿಸುತ್ತದೆ. ಪತ್ರದಲ್ಲಿ ಒಂದು ನಂಬರು, ಆ್ಯಪ್‌ನಲ್ಲಿ ಇನ್ನೊಂದು ಬಂದರೆ ಅಲ್ಲಿಗೇ ನಿಲ್ಲಿಸಿ ವಿಚಾರಿಸಿ. ಪಕ್ಕದಲ್ಲಿ ರಾಜಕಾಲುವೆ, ಕೆರೆ, ಸರ್ಕಾರಿ ಖರಾಬು (ಸಾಗುವಳಿಗೆ ಬಾರದ ಸರ್ಕಾರಿ ಜಾಗ) ಇದೆಯೇ ಎಂದೂ ನೋಡಿ. ಜೆಸಿಬಿ ಬರುವುದು ಇಂಥ ಕಡೆಗೇ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ ಎಂಬುದು ಇಲ್ಲಿನ ಇನ್ನೊಂದು ಪ್ರಶ್ನೆ. ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ನಿಲ್ಲುವುದಿಲ್ಲ. ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ ಎಂದು 2023ರಲ್ಲಿ ತಿದ್ದುಪಡಿ ಆಗಿದೆ. ಮಧ್ಯೆ ನಾಲ್ಕು ಕ್ರಯಪತ್ರ ಆಗಿದ್ದರೂ ಸಮಸ್ಯೆ ಕೊನೆಯವರ ತಲೆಗೇ ಬರುತ್ತದೆ.

ಹಂತ 6: ಖಾತಾ

ಖಾತಾ ತೆರಿಗೆ ಲೆಕ್ಕದ ದಾಖಲೆ. ಮಾಲೀಕತ್ವದ ಪತ್ರ ಅಲ್ಲ. ಹಾಗಂತ ಅದಿಲ್ಲದೆ ಕೆಲಸ ನಡೆಯುವುದಿಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಈಗ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ, ನಿಮ್ಮ ಮನೆ ಯಾವುದಕ್ಕೆ ಬರುತ್ತದೆ ನೋಡಿಕೊಳ್ಳಿ. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ.

ನಿಯಮದಂತೆ ಇರುವ ಸ್ವತ್ತಿಗೆ ಎ ಖಾತಾ, ಅನುಮತಿಯಲ್ಲಿ ಕೊರತೆ ಇರುವುದಕ್ಕೆ ಬಿ ಖಾತಾ. ಬಿ ಖಾತಾ ಮನೆ ಅಗ್ಗಕ್ಕೆ ಸಿಗುತ್ತದೆ, ನಿಜ. ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ನಾಳೆ ನೀವು ಮಾರುವಾಗಲೂ ಅದೇ ರಗಳೆ. "ಎ ಖಾತಾ ಆಗುತ್ತೆ ಸಾರ್, ಇನ್ನೇನು ಬಂದ್ಬಿಡುತ್ತೆ" ಎಂದರೆ, ಅವರೇ ಮಾಡಿಸಿ ಕೊಡಲಿ, ಆಮೇಲೆ ಕೊಳ್ಳೋಣ.

ಹಂತ 7: ಫ್ಲ್ಯಾಟ್ ಆದರೆ ರೇರಾ ಮತ್ತು ಓಸಿ

ಕಟ್ಟುತ್ತಿರುವ ಫ್ಲ್ಯಾಟ್ ಆದರೆ ರೇರಾ (ಬಿಲ್ಡರ್‌ಗಳ ಮೇಲೆ ನಿಗಾ ಇಡುವ ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ಸಂಖ್ಯೆ ಮೊದಲು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ, 8ಕ್ಕಿಂತ ಹೆಚ್ಚು ಫ್ಲ್ಯಾಟಿನ ಯೋಜನೆ ನೋಂದಣಿ ಆಗಿರಲೇಬೇಕು. ಕರ್ನಾಟಕ ರೇರಾ ತಾಣದಲ್ಲಿ ಮಂಜೂರಾದ ನಕ್ಷೆ, ಮುಗಿಸುವ ದಿನಾಂಕ, ಬಿಲ್ಡರ್ ಮೇಲಿನ ದೂರುಗಳು ಸಿಗುತ್ತವೆ. ನೋಂದಾಯಿತ ಕರಾರು ಆಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಜಂಟಿ ಅಭಿವೃದ್ಧಿಯಲ್ಲಿ (ಜಮೀನು ಒಬ್ಬರದು, ಕಟ್ಟುವವರು ಬಿಲ್ಡರ್) ಕಟ್ಟಿದ್ದಾದರೆ ನೀವು ನೋಡಿದ ಫ್ಲ್ಯಾಟ್ ಬಿಲ್ಡರ್ ಪಾಲಿನದೋ ಜಮೀನುದಾರರ ಪಾಲಿನದೋ ಎಂದು ಹಂಚಿಕೆ ಪತ್ರದಲ್ಲಿ ನೋಡಿ.

ಕಟ್ಟಡ ಮುಗಿದಿದ್ದರೆ ಓಸಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾದ ನಿರ್ದೇಶನ ಕೊಟ್ಟ ಮೇಲೆ ಕರೆಂಟ್, ನೀರಿನ ಸಂಪರ್ಕ, ಬ್ಯಾಂಕ್ ಸಾಲ ಎಲ್ಲದಕ್ಕೂ ಇದು ಕೊಂಡಿಯಾಗಿದೆ. ಓಸಿಯಲ್ಲಿ ಎಷ್ಟು ಮಹಡಿ ಎಂದು ಬರೆದಿದೆ ಎಣಿಸಿ. ಓಸಿ ನಾಲ್ಕು ಮಹಡಿಗೆ, ನಿಮ್ಮ ಫ್ಲ್ಯಾಟ್ ಐದನೆಯದರಲ್ಲಿ ಇದ್ದರೆ ಮಾತು ಮುಗಿಯಿತು. ಇನ್ನು ತೆರಿಗೆ: ಕಟ್ಟುತ್ತಿರುವ ಫ್ಲ್ಯಾಟಿಗೆ ಶೇ 5 ಜಿಎಸ್‌ಟಿ (45 ಲಕ್ಷದೊಳಗಿನ ಸಣ್ಣ ಫ್ಲ್ಯಾಟಿಗೆ ಶೇ 1), ರೀಸೇಲ್‌ಗೆ ಜಿಎಸ್‌ಟಿ ಇಲ್ಲ.

ಹಂತ 8: ಕ್ರಯದ ಕರಾರು

ಲಾಯರ್ ಲಿಖಿತವಾಗಿ ಅಭಿಪ್ರಾಯ ಕೊಟ್ಟ ಮೇಲೆ ಕರಾರು. ಲಾಯರ್ ನಿಮ್ಮವರೇ ಆಗಿರಲಿ. "ಬ್ಯಾಂಕಿನ ಲಾಯರ್ ನೋಡ್ತಾರಲ್ವಾ" ಎಂದು ಸುಮ್ನೆ ಇರಬೇಡಿ. ಅವರು ಬ್ಯಾಂಕಿಗಾಗಿ ಕೆಲಸ ಮಾಡುವವರು. ಹಕ್ಕಿನಲ್ಲಿ ದೋಷ ಸಿಕ್ಕರೂ ಸಾಲ ವಸೂಲಿಗೆ ನಿಮ್ಮ ಸಂಬಳ, ಜಾಮೀನು ಬ್ಯಾಂಕಿನ ಕೈಯಲ್ಲಿ ಇದ್ದೇ ಇರುತ್ತದೆ.

ಕರಾರಿನಲ್ಲಿ ಬರಬೇಕಾದ್ದು: ಪೂರ್ತಿ ಬೆಲೆ, ಕೊಟ್ಟ ಅಡ್ವಾನ್ಸು, ರಿಜಿಸ್ಟ್ರೇಷನ್ ಯಾವ ತಾರೀಕಿನೊಳಗೆ, ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸ್, ಹಕ್ಕಿನಲ್ಲಿ ದೋಷ ಸಿಕ್ಕರೆ ಏನು, ಕಾರ್ ಪಾರ್ಕಿಂಗ್, ಮನೆಯಲ್ಲಿ ಬಿಟ್ಟುಹೋಗುವ ಸಾಮಾನು. ನೋಂದಾಯಿಸಿದರೆ ಇನ್ನೂ ಒಳ್ಳೆಯದು, ಇಸಿಯಲ್ಲಿ ನಿಮ್ಮ ಹೆಸರು ಬರುತ್ತದೆ.

"ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು" ಎಂಬ ಪ್ರಶ್ನೆಯೂ ಇದೇ ಹೊತ್ತಿಗೆ ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಮೇಲೆ ನಗದಾಗಿ ಪಡೆದವರಿಗೆ ಅಷ್ಟೇ ದಂಡ ಬೀಳಬಹುದು. ನಿಮಗೂ ನಷ್ಟವೇ. ವ್ಯವಹಾರ ಮುರಿದರೆ ಆ ನಗದಿಗೆ ದಾಖಲೆ ಇಲ್ಲ. ಬೆಲೆ ಕಮ್ಮಿ ತೋರಿಸಿದರೆ ಬ್ಯಾಂಕ್ ಸಾಲವೂ ಕಮ್ಮಿ.

50 ಲಕ್ಷ ಮತ್ತು ಮೇಲಿನ ಮನೆಗೆ ಕೊಳ್ಳುವವರು ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿಯುವ ಆದಾಯ ತೆರಿಗೆ) ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ 60,000. ಇದು ಮಾರುವವರ ದುಡ್ಡು, ಕಟ್ಟುವ ಹೊಣೆ ಮಾತ್ರ ನಿಮ್ಮದು. ಮುರಿದ ತಿಂಗಳು ಮುಗಿದ 30 ದಿನದೊಳಗೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಟ್ಟಿ. ಮಾರುವವರ ಪ್ಯಾನ್‌ಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಮುಂಚೆಯೇ ಕೇಳಿ. ಆಗಿರದಿದ್ದರೆ ಶೇ 1 ಹೋಗಿ ಶೇ 20 ಆಗಬಹುದು. ಮಾರುವವರು ಎನ್‌ಆರ್‌ಐ ಆಗಿದ್ದರೆ ದರ ಇನ್ನೂ ಬೇರೆ, 50 ಲಕ್ಷದ ಮಿತಿಯೂ ಇಲ್ಲ. ಅಲ್ಲಿ ಆಡಿಟರ್ ಇಲ್ಲದೆ ಮುಂದೆ ಹೋಗಬೇಡಿ.

ಹಂತ 9: ಸಾಲ

48 ಲಕ್ಷ, 20 ವರ್ಷ, ಶೇ 8.5 ಬಡ್ಡಿ ಎಂದಿಟ್ಟುಕೊಳ್ಳಿ. ಕಂತು ಸುಮಾರು 41,656 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 34,000 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 7,656. 240 ಕಂತು ಕಟ್ಟಿ ಮುಗಿಸಿದಾಗ ಕೊಟ್ಟಿದ್ದು ಹತ್ತಿರ ಹತ್ತಿರ ಒಂದು ಕೋಟಿ. ಮೊದಲ ವರ್ಷದ ಕೊನೆಗೆ ಬೋನಸ್ ಬಂತು ಅಂತ ಒಂದು ಲಕ್ಷ ಹೆಚ್ಚಿಗೆ ಕಟ್ಟಿ ಕಂತನ್ನು ಹಾಗೇ ಉಳಿಸಿಕೊಂಡರೆ, ಕೊನೆಯಲ್ಲಿ ಸುಮಾರು 11 ಕಂತು ಉಳಿಯುತ್ತದೆ. ಫ್ಲೋಟಿಂಗ್ ದರದ ಗೃಹಸಾಲ ಪಡೆದ ವ್ಯಕ್ತಿಗಳಿಗೆ ಹೀಗೆ ಮುಂಚಿತವಾಗಿ ಕಟ್ಟಲು ದಂಡ ಇಲ್ಲ.

ಬ್ಯಾಂಕುಗಳ ಫ್ಲೋಟಿಂಗ್ ದರ 2019ರ ಅಕ್ಟೋಬರ್‌ನಿಂದ ಹೊರಗಿನ ಮಾನದಂಡಕ್ಕೆ, ಸಾಮಾನ್ಯವಾಗಿ ರೆಪೊ ದರಕ್ಕೆ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ದರ), ಜೋಡಿಸಿದ್ದು. ರೆಪೊ ಮೇಲೆ ಅವರು ಎಷ್ಟು ಸೇರಿಸುತ್ತಾರೆ ಎಂದು ಕೇಳಿ, ಎರಡು ಮೂರು ಬ್ಯಾಂಕುಗಳಲ್ಲಿ ಹೋಲಿಸಿ. ದರ ಏರಿದಾಗ ಬ್ಯಾಂಕು ಹೆಚ್ಚಾಗಿ ಕಂತನ್ನು ಹಾಗೇ ಇಟ್ಟು ಅವಧಿಯನ್ನು ಎಳೆಯುತ್ತದೆ. ಕಂತು ಏರಿಸಿ ಎಂದು ನೀವು ಕೇಳಬಹುದು. ಸಾಲದ ಜೊತೆ ಒಂದೇ ಕಂತಿನ ವಿಮೆಯನ್ನೂ ಸೇರಿಸಿ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳಲೇಬೇಕೆಂಬ ಕಾನೂನಿಲ್ಲ, ಬೇರೆಯಾಗಿ ಟರ್ಮ್ ಪಾಲಿಸಿ ವಿಚಾರಿಸಿ.

ಮಾರುವವರ ಮೇಲೆಯೇ ಆ ಮನೆಯ ಸಾಲ ಇದ್ದರೆ ಹೆದರಬೇಕಿಲ್ಲ. ಒರಿಜಿನಲ್ ಪತ್ರಗಳು ಬ್ಯಾಂಕಿನಲ್ಲಿವೆ ಎಂಬುದು ಒಂದು ಬಗೆಯಲ್ಲಿ ಸಮಾಧಾನವೇ. ಅವರ ಬ್ಯಾಂಕಿನಿಂದ ಬಾಕಿ ಪತ್ರ ಮತ್ತು ಅಲ್ಲಿರುವ ಪತ್ರಗಳ ಪಟ್ಟಿ ತರಿಸಿ. ನಿಮ್ಮ ಬ್ಯಾಂಕು ಆ ಬಾಕಿಯ ಡಿಡಿಯನ್ನು ನೇರ ಆ ಬ್ಯಾಂಕಿಗೇ ಕೊಡುತ್ತದೆ. "ನೀವು ಕೊಡಿ, ನಾನು ತೀರಿಸ್ತೀನಿ" ಎಂಬ ಮಾತಿಗೆ ಮಾತ್ರ ಒಪ್ಪಬೇಡಿ.

ಹಂತ 10: ರಿಜಿಸ್ಟ್ರೇಷನ್

ಕ್ರಯಪತ್ರದ ಕರಡನ್ನು ಕಾವೇರಿ 2.0ರಲ್ಲಿ ಹಾಕಬೇಕು. ಕಚೇರಿಯವರು ಪರಿಶೀಲಿಸಿ ಒಪ್ಪಿದ ಮೇಲೆ ಆನ್‌ಲೈನ್‌ನಲ್ಲೇ ಶುಲ್ಕ ಕಟ್ಟಿ ಸಮಯ ಕಾದಿರಿಸಬೇಕು. ಆ ದಿನ ಎರಡೂ ಕಡೆಯವರು, ಇಬ್ಬರು ಸಾಕ್ಷಿಗಳು, ಎಲ್ಲರ ಗುರುತಿನ ಚೀಟಿ. ಫೋಟೊ, ಹೆಬ್ಬೆಟ್ಟು, ಸಹಿ ಆದರೆ ಮುಗಿಯಿತು.

ಕರಡು ಅಂತಿಮವಾಗುವ ಹಿಂದಿನ ರಾತ್ರಿ ಕೂತು ಷೆಡ್ಯೂಲ್ (ಪತ್ರದಲ್ಲಿ ಸ್ವತ್ತಿನ ವಿವರ ಬರೆದಿರುವ ಭಾಗ) ಓದಿ. ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ಸೈಟ್ ನಂ. 14, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಸೈಟ್ ನಂ. 22, ದಕ್ಷಿಣಕ್ಕೆ ಸೈಟ್ ನಂ. 24" ಎಂದಿದ್ದರೆ ಹಿಂದಿನ ಪತ್ರದಲ್ಲೂ, ಇ-ಖಾತಾದಲ್ಲೂ ಅದೇ ಇದೆಯೇ? ಪೂರ್ವ ಪಶ್ಚಿಮ ಅದಲು ಬದಲಾಗಿ ಟೈಪ್ ಆಗುವುದು ಎಲ್ಲ ತಪ್ಪುಗಳಲ್ಲಿ ಮಾಮೂಲಿನದು. ಹೆಸರಿನ ಇನಿಷಿಯಲ್, ಅಳತೆ, ಫ್ಲ್ಯಾಟಾದರೆ ನೆಲದಲ್ಲಿ ನಿಮ್ಮ ಅವಿಭಾಜ್ಯ ಪಾಲು ಎಷ್ಟು ಚದರಡಿ, ಇವನ್ನೂ ನೋಡಿ. ಆಮೇಲೆ ಸರಿಪಡಿಸಬೇಕಾದರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವರೇ ಮತ್ತೆ ಬಂದು ಸಹಿ ಹಾಕಬೇಕು. ದುಡ್ಡು ಎಣಿಸಿಕೊಂಡು ಹೋದವರು ಮತ್ತೆ ಫೋನ್ ಎತ್ತುತ್ತಾರೆಯೇ?

ಡಿಡಿ ಕೊಡುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಸಹಿಯ ಹೊತ್ತಿಗೆ. ಬೀಗದ ಕೈ, ಒರಿಜಿನಲ್ ಪತ್ರಗಳು, ಕರೆಂಟ್ ಮತ್ತು ನೀರಿನ ಕೊನೆಯ ಬಿಲ್ಲು, ಸೊಸೈಟಿಯ ಬಾಕಿ ಇಲ್ಲ ಪತ್ರ ಅದೇ ದಿನ ಬರಲಿ. ಬಾಡಿಗೆದಾರರು ಇದ್ದರೆ ಅವರು ಖಾಲಿ ಮಾಡಿದ ಮೇಲೇ ರಿಜಿಸ್ಟ್ರೇಷನ್ ಇಟ್ಟುಕೊಳ್ಳಿ.

ಹಂತ 11: ಆಮೇಲಿನ ಕೆಲಸ

ಹೊಸ ಇಸಿ ತೆಗೆಸಿ, ನಿಮ್ಮ ಹೆಸರಿನ ಸಾಲು ಬಂದಿದೆಯೇ ನೋಡಿ. ಖಾತಾ ನಿಮ್ಮ ಹೆಸರಿಗೆ ಆಗಿದೆಯೇ ಖಚಿತಪಡಿಸಿಕೊಳ್ಳಿ. ಬೆಸ್ಕಾಂ ಮೀಟರ್, ನೀರಿನ ಸಂಪರ್ಕ, ಸೊಸೈಟಿ ಸದಸ್ಯತ್ವದ ಹೆಸರು ಬದಲಿಸಿ. ಟಿಡಿಎಸ್ ಪ್ರಮಾಣಪತ್ರ ಇಳಿಸಿಕೊಂಡು ಮಾರಿದವರಿಗೆ ಕಳಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಅದಿಲ್ಲ.

ಬ್ಯಾಂಕಿಗೆ ಒಪ್ಪಿಸಿದ ಒರಿಜಿನಲ್‌ಗಳ ಪಟ್ಟಿಗೆ ಸಹಿ, ಸೀಲು ಹಾಕಿಸಿ ಜೋಪಾನವಾಗಿಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಅವನ್ನೆಲ್ಲ ಹಿಂದಿರುಗಿಸಬೇಕು. ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಏನೇನು ಕೊಟ್ಟಿದ್ದಿರಿ ಎಂದು ತೋರಿಸಲು ಆ ಪಟ್ಟಿಯೇ ಬೇಕು.